ಡಿ ಓಡುತ್ತೆ, ಆರ್ ಓಡಲ್ಲ: ಗೇರ್‌ಬಾಕ್ಸ್ ಇಳಿಸೋ ಮುಂಚೆ ಇಷ್ಟು ನೋಡಿ

ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿರೋ ನಮ್ಮ ಭಾವನವರ ಹಳೇ ಆಟೋಮ್ಯಾಟಿಕ್ ಕಾರು ಗಲ್ಲಿಯೊಳಗೆ ಹೋಯ್ತು, ಹಿಂದಕ್ಕೆ ಬರಲಿಲ್ಲ. ನಾಲ್ಕು ಜನ ಸೇರಿ ತಳ್ಳಿದ್ದಾಯ್ತು. ಗ್ಯಾರೇಜಿನವರು ನೋಡಿದ ಕೂಡಲೇ "ಗೇರ್‌ಬಾಕ್ಸ್ ಇಳಿಸಬೇಕು" ಅಂದ್ರಂತೆ. ನಾನು ಫೋನಲ್ಲೇ, "ಭಾವ, ಸ್ವಲ್ಪ ತಡೀರಿ" ಅಂದೆ.

ಯಾಕಂದ್ರೆ ಗಾಡಿ ಮುಂದಕ್ಕೆ ಸಲೀಸಾಗಿ ಹೋಗ್ತಿದೆ ಅಂದ್ರೆ ಟಾರ್ಕ್ ಕನ್ವರ್ಟರ್, ಪಂಪು ಬಹುತೇಕ ಸರಿಯಾಗೇ ಇವೆ. ರಿವರ್ಸ್‌ಗೆ ಅಂತ ಬೇರೆ ಕ್ಲಚ್ಚೋ ಬ್ಯಾಂಡೋ ಇರುತ್ತೆ. ಅನೇಕ ಗಾಡಿಗಳಲ್ಲಿ ಅದಕ್ಕೆ ಆಯಿಲ್ ಒತ್ತಡವೂ ಹೆಚ್ಚು ಬೇಕು. ಹಾಗಾಗಿ ಆಯಿಲ್ ಕಡಿಮೆಯಾದ್ರೆ ಮೊದಲು ಕೈಕೊಡೋದು ರಿವರ್ಸೇ ಆಗಿರಬಹುದು.

ಡಿಪ್‌ಸ್ಟಿಕ್ ಇದ್ರೆ ಸಮತಟ್ಟು ಜಾಗದಲ್ಲಿ, ಮ್ಯಾನ್ಯುಯಲ್ ಹೇಳಿದ ಹಾಗೆ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದ್ರೆ ಒಳಗಿನ ಕ್ಲಚ್ ಸವೆದಿರೋ ಸಾಧ್ಯತೆ ಹೆಚ್ಚು. ಆಗ ಗ್ಯಾರೇಜಿನವರ ಮಾತು ಕೇಳಲೇಬೇಕು.

ಭಾವನವರದು ಮಟ್ಟ, ಬಣ್ಣ ಎರಡೂ ಚೆನ್ನಾಗಿತ್ತು. ಇಂಜಿನ್ ಆಫ್, ಇಗ್ನಿಷನ್ ಆನ್, ಹ್ಯಾಂಡ್‌ಬ್ರೇಕ್ ಎಳೆದು ಲಿವರ್ ಆರ್‌ಗೆ ಹಾಕಿಸಿದೆ. ಅಕ್ಕ ಪಕ್ಕದಲ್ಲಿ ನಿಂತು (ಹಿಂದೆ ಅಲ್ಲ, ದಯವಿಟ್ಟು!) ನೋಡಿದ್ರು. ಬಿಳಿ ಲೈಟು ಹತ್ತಲಿಲ್ಲ. ಲಿವರ್ ಸ್ವಲ್ಪ ಮುಂದಕ್ಕೆ ಅದುಮಿ ಹಿಡಿದಾಗ ಹತ್ತಿತು! ಬಲ್ಬ್ ಸರಿಯಾಗಿದೆ, ಕೇಬಲ್ ಸಡಿಲ. ಲಿವರ್ ಆರ್ ತೋರಿಸ್ತಿತ್ತು, ಗೇರ್‌ಬಾಕ್ಸ್ ಆರ್ ತನಕ ಮುಟ್ಟೇ ಇರಲಿಲ್ಲ. ಕೇಬಲ್ ಹೊಂದಿಸಿದ ಮೇಲೆ ಕಾರು ತಾನೇ ಹಿಂದಕ್ಕೆ ಬಂತು.

ಎಎಂಟಿ ಗಾಡಿಯವರಿಗೆ ಇದು ಅನ್ವಯಿಸಲ್ಲ. ಅದರೊಳಗೆ ಮಾಮೂಲಿ ಕ್ಲಚ್ಚು, ಅದನ್ನ ಒತ್ತೋಕೆ ಆಕ್ಚುಯೇಟರ್. ಅದರ ಕತೆ ಇನ್ನೊಂದು ವಿಡಿಯೋದಲ್ಲಿ.