ಹಟ್ಟಿಯ ಜ್ವರ: ಗರ್ಭಿಣಿಯರಿಗೆ ಜಾಗ್ರತೆ ಅಗತ್ಯ

ನಮ್ಮ ಕಡೆಯ ಕೃಷಿಕರ ಮನೆಗಳಲ್ಲಿ ಹಟ್ಟಿಯೆಂಬುದು ಮನೆಯ ಒಂದು ಅಂಗವೇ ಸರಿ. ದನ ಕರು ಹಾಕುವಾಗಲೂ ಆಡು ಮರಿ ಹಾಕುವಾಗಲೂ ಮುಂದೆ ನಿಲ್ಲುವವರು ಹೆಂಗಸರು. ಮರಿಯ ಮೈ ಒರೆಸುವುದು, ಮಾಸು ಬೀಳುವ ತನಕ ಕಾಯುವುದು, ಬಳಿಕ ಹಟ್ಟಿ ತೊಳೆಯುವುದು ಎಲ್ಲವೂ ಅವರ ಪಾಲಿನ ಕೆಲಸ. ಸೊಸೆ ಬಸುರಿಯಾದರೂ ಇದರಿಂದ ಬಿಡುವು ಸಿಗುವುದು ಅಪರೂಪ. ಇಲ್ಲಿಯೇ ಒಂದು ಅಪಾಯ ಅಡಗಿದೆ. ಅದರ ಹೆಸರು ಕ್ಯೂ ಜ್ವರ.

1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕಸಾಯಿಖಾನೆಯ ಕೆಲಸಗಾರರಲ್ಲಿ ಕಾರಣ ತಿಳಿಯದ ಜ್ವರವೊಂದು ಕಾಣಿಸಿತು. ಅದನ್ನು ಪರಿಶೀಲಿಸಿದ ಡಾ. ಎಡ್ವರ್ಡ್ ಡೆರಿಕ್ ಅವರು 'ಪ್ರಶ್ನೆ' ಎಂಬರ್ಥದ ಇಂಗ್ಲಿಷ್ ಪದದ ಮೊದಲಕ್ಷರವನ್ನೇ ಅದಕ್ಕೆ ಹೆಸರಾಗಿ ಇಟ್ಟರು. ಮುಂದೆ ಪತ್ತೆಯಾದ ರೋಗಾಣುವಿಗೆ ವಿಜ್ಞಾನಿಗಳಾದ ಕಾಕ್ಸ್ ಮತ್ತು ಬರ್ನೆಟ್ ಅವರ ನೆನಪಿಗಾಗಿ 'ಕಾಕ್ಸಿಯೆಲ್ಲಾ ಬರ್ನೆಟಿ' ಎಂಬ ಹೆಸರು ಬಂತು.

ಆಡು, ಕುರಿ, ದನಗಳ ಮೈಯಲ್ಲಿ ಈ ರೋಗಾಣು ಸದ್ದಿಲ್ಲದೆ ಇರಬಲ್ಲುದು. ಮರಿ ಹಾಕುವಾಗ ಅಥವಾ ಕಂದು ಹಾಕುವಾಗ ಮಾಸು ಮತ್ತು ನೀರಿನೊಡನೆ ಅದು ಅಪಾರ ಪ್ರಮಾಣದಲ್ಲಿ ಹೊರಬೀಳುತ್ತದೆ. ಒಣಗಿ ಧೂಳಿನಲ್ಲಿ ಬೆರೆತ ಮೇಲೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆ ಧೂಳು ಉಸಿರಿನೊಡನೆ ಒಳಹೊಕ್ಕರೆ ಸಾಕು, ಎರಡು ಮೂರು ವಾರಗಳಲ್ಲಿ ಜ್ವರ, ತಲೆನೋವು, ಮೈಕೈನೋವು, ಕೆಲವರಿಗೆ ನ್ಯುಮೋನಿಯಾ ಬರಬಹುದು. ಸೋಂಕು ತಗಲಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ.

ಗರ್ಭಿಣಿಯರ ಮಟ್ಟಿಗೆ ತೊಡಕು ಇರುವುದೇ ಇಲ್ಲಿ. ತಾಯಿಗೆ ಜ್ವರವೇ ಬಾರದಿದ್ದರೂ ರೋಗಾಣು ಗರ್ಭದ ಮಾಸಿನಲ್ಲಿ ನೆಲೆಸಬಹುದು. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು ಮುಂತಾದವು ವರದಿಯಾಗಿವೆ. ತಾಯಿಯ ದೇಹದಲ್ಲಿ ಸೋಂಕು ದೀರ್ಘಕಾಲ ಉಳಿಯಲೂ ಬಹುದು. ಹೃದಯದ ಕವಾಟದ ದೋಷ ಇರುವವರಿಗಂತೂ ಇದು ಹೆಚ್ಚು ಅಪಾಯಕರ.

ಹಾಗೆಂದು ಗಾಬರಿ ಬೇಡ. ನೆದರ್ಲೆಂಡ್ಸ್ ದೇಶದಲ್ಲಿ 2007ರಿಂದ 2010ರ ವರೆಗೆ ಆಡು ಸಾಕಣೆ ಕೇಂದ್ರಗಳಿಂದ ಈ ರೋಗ ಹಬ್ಬಿ 4000ಕ್ಕೂ ಹೆಚ್ಚು ಜನರಲ್ಲಿ ಪತ್ತೆಯಾಯಿತು. ಗಬ್ಬದ ಆಡುಗಳನ್ನು ಸಾವಿರಗಟ್ಟಲೆ ಕೊಲ್ಲಬೇಕಾಯಿತು. ಅಲ್ಲಿ ರೋಗ ಹಬ್ಬಿದ ಪ್ರದೇಶದ ಗರ್ಭಿಣಿಯರನ್ನೆಲ್ಲ ಪರೀಕ್ಷಿಸಿ ನೋಡಿದ ಅಧ್ಯಯನದಲ್ಲಿ ಅದರಿಂದ ವಿಶೇಷ ಲಾಭ ಕಾಣಲಿಲ್ಲ. ಆದುದರಿಂದ ಎಲ್ಲರೂ ರಕ್ತಪರೀಕ್ಷೆಗೆ ಓಡಬೇಕಾಗಿಲ್ಲ. ಸೋಂಕು ತಗಲದಂತೆ ನೋಡಿಕೊಳ್ಳುವುದೇ ಮುಖ್ಯ.

ಮಾಡಬೇಕಾದುದು ಇಷ್ಟೆ. ದನವೋ ಆಡೋ ಈಯುವ ವೇಳೆ ಬಸುರಿಯು ಹಟ್ಟಿಯ ಕಡೆಗೆ ಹೋಗಬಾರದು. ಮಾಸನ್ನಾಗಲಿ ಕಂದನ್ನಾಗಲಿ ಆಕೆ ಮುಟ್ಟಬಾರದು. ಹಟ್ಟಿ ಗುಡಿಸುವ ಕೆಲಸವನ್ನೂ ಬೇರೆಯವರು ವಹಿಸಿಕೊಳ್ಳಲಿ. ಮಾಸನ್ನು ಹಾಲು ಬರುವ ಮರಕ್ಕೆ ಕಟ್ಟುವ ರೂಢಿ ಕೆಲವು ಕಡೆ ಇದೆ. ಅದನ್ನು ನಾಯಿ ಕೆದಕದಷ್ಟು ಆಳಕ್ಕೆ ಹೂಳುವುದು ಲೇಸು. ಈ ಕೆಲಸ ಮಾಡಿದವರು ಸಾಬೂನಿನಿಂದ ಕೈ ತೊಳೆದು, ಬಟ್ಟೆ ಬದಲಿಸಿಯೇ ಒಳಗೆ ಬರಲಿ. ಹಸಿ ಹಾಲು ಕುಡಿಯಬಾರದು. ಕುದಿಸಿದರೆ ರೋಗಾಣು ಸಾಯುತ್ತದೆ. ಆಡುಗಳು ಒಂದರ ಹಿಂದೊಂದು ಕಂದು ಹಾಕಿದರೆ ಮೃಗಾಸ್ಪತ್ರೆಗೆ ತಿಳಿಸಬೇಕು.

ಗರ್ಭಿಣಿಗೆ ಜ್ವರ ಬಂದಾಗ 'ನೀರು ಬದಲಾದುದರಿಂದ' ಎಂದು ಸುಮ್ಮನಿರುವುದು ಸರಿಯಲ್ಲ. ಮನೆಯಲ್ಲಿ ಆಡು ಮರಿ ಹಾಕಿದೆ, ದನ ಕಂದು ಹಾಕಿದೆ ಎಂಬುದನ್ನು ವೈದ್ಯರಿಗೆ ತಾವಾಗಿ ಹೇಳಬೇಕು. ಹೇಳದಿದ್ದರೆ ಈ ರೋಗದ ಸಂಶಯ ಅವರಿಗೆ ಬರುವುದು ಕಷ್ಟ. ಇತರರಿಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅವರಿಗೆ ಬೇರೆ ಔಷಧವಿದೆ. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದು ಬೇಡ.

ಒಂಬತ್ತು ತಿಂಗಳ ಮಟ್ಟಿಗೆ ಹಟ್ಟಿಯ ಕೆಲಸವನ್ನು ಮನೆಯ ಗಂಡಸರು ಮಾಡಿದರೆ ಯಾರ ಮರ್ಯಾದೆಯೂ ಕಡಿಮೆಯಾಗದು. ಹುಟ್ಟಲಿರುವ ಕೂಸಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇರೆ ಬೇಕೆ?