ಸೌರಾಷ್ಟ್ರ

ಭಾರತದ ಭೂಪಟದ ಪಶ್ಚಿಮ ಅಂಚಿನಲ್ಲಿ, ಕಚ್ಛ್ ಮತ್ತು ಖಂಭಾತ್ ಕೊಲ್ಲಿಗಳ ನಡುವೆ, ಅರಬ್ಬೀ ಸಮುದ್ರದೊಳಕ್ಕೆ ಚಾಚಿಕೊಂಡಿರುವ ವಿಶಾಲವಾದ ಭೂಭಾಗವೊಂದು ಕಾಣುತ್ತದೆ. ಗುಜರಾತ್ ರಾಜ್ಯಕ್ಕೆ ಸೇರಿದ ಈ ಪರ್ಯಾಯ ದ್ವೀಪವೇ ಸೌರಾಷ್ಟ್ರ. ಕಾಠಿಯಾವಾಡವೆಂಬುದು ಇದರ ಮತ್ತೊಂದು ಹೆಸರು. ಮೂರು ಕಡೆಯೂ ಉಪ್ಪುನೀರಿನ ಕಡಲು. ಒಳನಾಡಿನಲ್ಲಿ ಮಳೆ ಅಲ್ಪ, ಅನಿಶ್ಚಿತ. ಕಡಲು ಇಲ್ಲಿಯ ಜನರನ್ನು ನಾವಿಕರನ್ನಾಗಿಯೂ ವರ್ತಕರನ್ನಾಗಿಯೂ ಮಾಡಿತು; ನೀರಿನ ಅಭಾವವು ಅವರಿಗೆ ಕೆರೆಕಟ್ಟೆಗಳ ಬೆಲೆಯನ್ನು ಕಲಿಸಿತು.

ಪರ್ಯಾಯ ದ್ವೀಪವು ಒಳನಾಡನ್ನು ಕೂಡುವ ಎಡೆಯಲ್ಲಿ, ಖಂಭಾತ್ ಕೊಲ್ಲಿಗೆ ಸಮೀಪದಲ್ಲಿ, ಹರಪ್ಪ ನಾಗರಿಕತೆಯ ಪಟ್ಟಣವಾದ ಲೋಥಲ್ ಇದೆ. 1955ರಿಂದ 1960ರವರೆಗೆ ಅಲ್ಲಿ ಉತ್ಖನನ ನಡೆಸಿದವರು ಕನ್ನಡ ನಾಡಿನವರೇ ಆದ ಎಸ್. ಆರ್. ರಾವ್. ಇಟ್ಟಿಗೆಯಿಂದ ಕಟ್ಟಿದ, 200 ಮೀಟರಿಗಿಂತಲೂ ಉದ್ದವಾದ ಕೊಳವೊಂದನ್ನು ಅವರು ಪ್ರಾಚೀನ ಹಡಗುಕಟ್ಟೆಯೆಂದು ಗುರುತಿಸಿದರು.

ಸೌರಾಷ್ಟ್ರದ ಚರಿತ್ರೆಯನ್ನು ಒಂದೇ ಕಡೆ ಓದಬಯಸುವವರು ಜುನಾಗಢಕ್ಕೆ ಹೋಗಬೇಕು. ಅಲ್ಲಿ ಗಿರ್ನಾರ್ ಬೆಟ್ಟದ ದಾರಿಯಲ್ಲಿ ದೊಡ್ಡ ಬಂಡೆಯೊಂದಿದೆ. ಅದರ ಮೇಲೆ ಮೂರು ಕಾಲಗಳ ಶಾಸನಗಳಿವೆ. ಮೊದಲನೆಯವು ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಧರ್ಮಶಾಸನಗಳು. ಉಳಿದೆರಡು ಹೇಳುವುದು ಸುದರ್ಶನವೆಂಬ ಕೆರೆಯ ಕಥೆಯನ್ನು.

ಚಂದ್ರಗುಪ್ತ ಮೌರ್ಯನ ಅಧಿಕಾರಿಯಾದ ಪುಷ್ಯಗುಪ್ತನು ಈ ಕೆರೆಯನ್ನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ತುಷಾಸ್ಫನು ಕಾಲುವೆಗಳನ್ನು ತೆಗೆಸಿದನು. ಕ್ರಿ.ಶ. 150ರ ಸುಮಾರಿನಲ್ಲಿ, ಕ್ಷತ್ರಪ ರುದ್ರದಾಮನು ಆಳುತ್ತಿದ್ದಾಗ, ಭೀಕರ ಮಳೆಗಾಳಿಗೆ ಸಿಲುಕಿ ಕಟ್ಟೆಯೊಡೆಯಿತು. ಒಡಕು 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳವಾಗಿತ್ತೆಂದು ಶಾಸನ ತಿಳಿಸುತ್ತದೆ. ಇಷ್ಟು ದೊಡ್ಡ ಒಡಕನ್ನು ಮುಚ್ಚುವುದು ಅಸಾಧ್ಯವೆಂದು ಮಂತ್ರಿಗಳು ಹಿಂಜರಿದರು. ಜನರು ಕಂಗೆಟ್ಟು ಹಾಹಾಕಾರ ಮಾಡಿದರು. ಆಗ ಅಧಿಕಾರಿಯಾದ ಸುವಿಶಾಖನು ಮುಂದೆ ನಿಂತು ಕಟ್ಟೆಯನ್ನು ಮೊದಲಿಗಿಂತ ಭದ್ರವಾಗಿ ಕಟ್ಟಿಸಿದನು. ಇದಕ್ಕಾಗಿ ಪ್ರಜೆಗಳ ಮೇಲೆ ಕರಭಾರ ಹೊರಿಸಲಿಲ್ಲ, ಬಿಟ್ಟಿ ದುಡಿಮೆಯನ್ನೂ ಹೇರಲಿಲ್ಲ. ವೆಚ್ಚವೆಲ್ಲ ರಾಜಭಂಡಾರದಿಂದಲೇ ಬಂದಿತು. ಮುನ್ನೂರು ವರ್ಷಗಳ ತರುವಾಯ, ಸ್ಕಂದಗುಪ್ತನ ಕಾಲದಲ್ಲಿ, ಕಟ್ಟೆ ಮತ್ತೆ ಒಡೆದಾಗ ಚಕ್ರಪಾಲಿತನು ಅದನ್ನು ಸರಿಪಡಿಸಿದನು. ಅರಸು ಮನೆತನಗಳು ಬದಲಾದರೂ ಕೆರೆಯ ಹೊಣೆ ಕೈಯಿಂದ ಕೈಗೆ ಸಾಗಿತು. ಇಂದು ಸುದರ್ಶನವಿಲ್ಲ; ಅದನ್ನು ಕಾಪಾಡಿದವರ ಹೆಸರುಗಳು ಮಾತ್ರ ಕಲ್ಲಿನಲ್ಲಿ ಉಳಿದಿವೆ.

ಜುನಾಗಢದ ದಕ್ಷಿಣಕ್ಕೆ ಗಿರ್ ಅರಣ್ಯವಿದೆ. ಏಷ್ಯಾದ ಸಿಂಹಗಳು ಸ್ವಚ್ಛಂದವಾಗಿ ಬಾಳುತ್ತಿರುವುದು ಇಲ್ಲಿ ಮತ್ತು ಸುತ್ತಲಿನ ಸೀಮೆಯಲ್ಲಿ ಮಾತ್ರ. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಬೇಟೆಯಿಂದಾಗಿ ಅವು ಅಳಿವಿನಂಚನ್ನು ತಲಪಿದ್ದವು. ಜುನಾಗಢದ ನವಾಬರು ಅವುಗಳಿಗೆ ರಕ್ಷಣೆ ನೀಡಿದರು. 1965ರಲ್ಲಿ ಗಿರ್ ಅಭಯಾರಣ್ಯವಾಯಿತು. 2025ರ ಗಣತಿಯಲ್ಲಿ ಸಿಂಹಗಳ ಸಂಖ್ಯೆ 891.

ನೋಡತಕ್ಕ ಸ್ಥಳಗಳು ಇನ್ನೂ ಹಲವು. ಪಾಲಿತಾಣದ ಶತ್ರುಂಜಯ ಬೆಟ್ಟದ ಮೇಲೆ ಜೈನ ದೇವಾಲಯಗಳ ನಗರವೇ ಇದೆ. ಅದನ್ನು ಸೇರಲು ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಬೇಕು. ಪಶ್ಚಿಮದ ತುದಿಯಲ್ಲಿ ದ್ವಾರಕೆಯಿದೆ. ಅನೇಕ ಬಾರಿ ನಾಶವಾದ ಸೋಮನಾಥ ದೇವಾಲಯವು ಪುನರ್ನಿರ್ಮಾಣಗೊಂಡು, 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಮ್ಮುಖದಲ್ಲಿ ಪ್ರತಿಷ್ಠೆಯಾಯಿತು. ಪೋರಬಂದರಿನಲ್ಲಿ 1869ರಲ್ಲಿ ಗಾಂಧೀಜಿ ಹುಟ್ಟಿದ ಮನೆಯನ್ನು ಇಂದಿಗೂ ಕಾಣಬಹುದು.

ಸೌರಾಷ್ಟ್ರಕ್ಕೆ ಬರುವ ಪ್ರವಾಸಿಗಳು ಸಿಂಹಗಳನ್ನೂ ದೇವಾಲಯಗಳನ್ನೂ ಕಂಡು ಆನಂದಿಸುತ್ತಾರೆ. ಗಿರ್ನಾರಿನ ಬಂಡೆಯ ಬಳಿ ನಿಂತವರಿಗೆ ಇನ್ನೊಂದು ಅರಿವೂ ಮೂಡುತ್ತದೆ: ಪೂರ್ವಿಕರು ಬಿಟ್ಟುಹೋದುದು ತಾನಾಗಿ ಉಳಿಯುವುದಿಲ್ಲ, ಒಡೆದಾಗಲೆಲ್ಲ ಅದನ್ನು ಕಟ್ಟಿಕೊಳ್ಳುವವರು ಬೇಕು.