ಪ್ರೆಶರಿನ ಮಾತ್ರೆಗಳೆಲ್ಲವೂ ಒಂದೇ ಅಲ್ಲ

ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಅನೇಕ ಮಕ್ಕಳಿಗೆ ಮನೆಯಲ್ಲೊಂದು ಹೊಣೆಯಿದೆ: ಅಜ್ಜ-ಅಜ್ಜಿಯರ ಮಾತ್ರೆಯ ಹೆಸರನ್ನು ಓದಿ ಹೇಳುವುದು. ಹೆಸರು ಇಂಗ್ಲಿಷಿನಲ್ಲಿ, ಸೂಚನೆ ಹೆಚ್ಚಾಗಿ ಮಲಯಾಳದಲ್ಲಿ. ಇವೆರಡನ್ನೂ ಓದಲಾರದ ಹಿರಿಯರಿಗೆ ಎಲ್ಲವೂ 'ಪ್ರೆಶರಿನ ಮಾತ್ರೆ'ಯೇ. ಅಪಾಯವಿರುವುದು ಇಲ್ಲಿಯೇ. ಆದ್ದರಿಂದ ಸಾಮಾನ್ಯವಾಗಿ ಕಾಣಸಿಗುವ ಅಮ್ಲೋಡಿಪಿನ್ ಮತ್ತು ಮೆಟೊಪ್ರೊಲಾಲ್ ಎಂಬ ಎರಡು ಔಷಧಗಳ ವ್ಯತ್ಯಾಸವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಅಮ್ಲೋಡಿಪಿನ್ ಕೆಲಸ ಮಾಡುವುದು ರಕ್ತನಾಳಗಳ ಮೇಲೆ. ನಾಳದ ಗೋಡೆಯ ಸ್ನಾಯುಗಳಿಗೆ ಕ್ಯಾಲ್ಸಿಯಂ ಪ್ರವೇಶಿಸುವುದನ್ನು ಅದು ತಡೆಯುತ್ತದೆ. ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಪರಿಣಾಮ ದೀರ್ಘವಾದುದರಿಂದ ದಿನಕ್ಕೊಮ್ಮೆ ಸಾಕು. ಸಾಮಾನ್ಯ ಪ್ರಮಾಣ 5 ಮಿ.ಗ್ರಾಂ., ಗರಿಷ್ಠ 10. ಕೆಲವರಿಗೆ ಪಾದದ ಗಂಟಿನ ಬಳಿ ಊತ ಬರುತ್ತದೆ.

ಮೆಟೊಪ್ರೊಲಾಲ್ ಕೆಲಸ ಮಾಡುವುದು ಮುಖ್ಯವಾಗಿ ಹೃದಯದ ಮೇಲೆ. ಅಡ್ರಿನಾಲಿನ್‌ನ ಪ್ರಚೋದನೆಯನ್ನು ತಗ್ಗಿಸಿ, ಬಡಿತವನ್ನು ನಿಧಾನಗೊಳಿಸಿ, ಹೃದಯದ ಶ್ರಮವನ್ನು ಇಳಿಸುತ್ತದೆ. ಎದೆನೋವು ಇರುವವರಿಗೆ, ಹೃದಯಾಘಾತವಾದವರಿಗೆ ಇದನ್ನು ಕೊಡುವುದು ಇದಕ್ಕಾಗಿ. ಬೇರೆ ತೊಂದರೆಯಿಲ್ಲದ ಬರಿಯ ರಕ್ತದೊತ್ತಡಕ್ಕೆ ಇದು ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ. ಆಯಾಸ, ಕೈಕಾಲು ತಣ್ಣಗಾಗುವುದು, ನಾಡಿ ತೀರ ನಿಧಾನವಾಗುವುದು ಇದರ ಅಡ್ಡಪರಿಣಾಮಗಳು. ಉಬ್ಬಸವಿರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ ಎಚ್ಚರಿಸುವ ಎದೆಬಡಿತವನ್ನು ಈ ಔಷಧ ಮರೆಮಾಡಬಹುದು.

ಎರಡನ್ನೂ ಒಟ್ಟಿಗೆ ಬರೆದುಕೊಟ್ಟಿದ್ದರೆ ಅದು ತಪ್ಪಲ್ಲ. ದಾರಿಗಳು ಬೇರೆಯಾದ್ದರಿಂದ ಒಂದಕ್ಕೊಂದು ಪೂರಕ. ಆದರೆ ಒಂದರ ಬದಲಿಗೆ ಇನ್ನೊಂದನ್ನು ನುಂಗುವುದು, ನೆರೆಮನೆಯವರಿಂದ ಸಾಲ ಪಡೆಯುವುದು ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, 'ಈಗ ಪ್ರೆಶರ್ ಸರಿಯಾಗಿದೆ' ಎಂದು ಮೆಟೊಪ್ರೊಲಾಲನ್ನು ಥಟ್ಟನೆ ನಿಲ್ಲಿಸಬಾರದು. ಹೃದ್ರೋಗಿಗಳಲ್ಲಿ ಎದೆನೋವು ಉಲ್ಬಣಿಸಬಹುದು, ಹೃದಯಾಘಾತವೂ ಆಗಬಹುದು. ನಿಲ್ಲಿಸುವುದಾದರೆ ವೈದ್ಯರೇ ಹಂತಹಂತವಾಗಿ ಪ್ರಮಾಣ ಇಳಿಸುತ್ತಾರೆ. ದಿನಕ್ಕೊಮ್ಮೆ ತೆಗೆದುಕೊಳ್ಳುವ, ನಿಧಾನವಾಗಿ ಕರಗುವ ಬಗೆಯ ಮೆಟೊಪ್ರೊಲಾಲನ್ನು ಪುಡಿಮಾಡಲೂಬಾರದು, ಜಗಿಯಲೂಬಾರದು.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಕಂಪೆನಿಯ ಹೆಸರು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಅದರ ಸಮೀಪ ಅಚ್ಚಾಗಿರುವ ಔಷಧದ ಹೆಸರನ್ನು ಮಕ್ಕಳಿಂದ ಓದಿಸಿ, ಪ್ರಮಾಣ ಮತ್ತು ಹೊತ್ತಿನೊಂದಿಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ ಗೋಡೆಗೆ ಅಂಟಿಸಿರಿ. ಬರೆದುದನ್ನು ಆರೋಗ್ಯ ಕೇಂದ್ರದ ಫಾರ್ಮಸಿಸ್ಟರಿಗೆ ತೋರಿಸಿ ಖಚಿತಪಡಿಸಿಕೊಳ್ಳಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ನಮಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನೀಡಿದೆ. ಔಷಧದ ಸೂಚನೆ ಕನ್ನಡದಲ್ಲಿಯೂ ದೊರೆಯಲೆಂದು ಕನ್ನಡದಲ್ಲೇ ಮನವಿ ಬರೆಯೋಣ. ಹಿರಿಯರ ಜೀವದ ಪ್ರಶ್ನೆಯಾದ್ದರಿಂದ ಈ ಬೇಡಿಕೆ ಬರಿಯ ಭಾಷಾಭಿಮಾನದ್ದಲ್ಲ.